ಮುಳ್ಳವ್ವನ ಬಾವಿ

ಹಿರೇಕೊಳ್ಳ ದಾಟಿ ಗುಡ್ಡದ ದಾರಿ ಹಿಡಿದರೆ ಎಡಕ್ಕೆ ಆಳೆತ್ತರದ ಜಾಲಿಮುಳ್ಳಿನ ರಾಶಿ ಕಾಣುತ್ತದೆ. ಅದರಡಿ ಇರುವುದೇ ಮುಳ್ಳವ್ವನ ಬಾವಿ. ಮುಳ್ಳವ್ವ ದೇವತೆಯೆಂದು ಬಂದವರಿಗೆಲ್ಲ ಹೇಳುತ್ತಾರೆ. ಸುಳ್ಳು. ಅವಳು ಗುರುಬಸವ್ವ ಎಂಬ ಹೆಂಗಸು, ಹೆತ್ತ ಹೊಟ್ಟೆ ಉರಿದ ತಾಯಿ.

ಹಿಂದೆ ಒಮ್ಮೆ ಈ ಬಾವಿಯ ನೀರು ಕುಡಿದ ಯಾರದೋ ಜ್ವರ ಇಳಿಯಿತು ಎನ್ನುತ್ತಾರೆ. ಜ್ವರ ತಾನಾಗಿಯೂ ಇಳಿಯುತ್ತದೆಂದು ಯಾರ ತಲೆಗೂ ಹೊಳೆಯಲಿಲ್ಲ. ಅಂದಿನಿಂದ ನೀರು ತೀರ್ಥವಾಯಿತು. ಜನ ಬಾವಿಯೊಳಗೆ ಹಾಲೆರೆದರು, ಹೂವು ಹಾಕಿದರು, ಎಡೆ ಬಿಟ್ಟರು. ಬೇಸಿಗೆಯಲ್ಲಿ ಅದೆಲ್ಲ ಒಳಗೇ ಕೊಳೆತು, ಕುಡಿದ ಮಕ್ಕಳಿಗೆ ವಾಂತಿಭೇದಿ ಹತ್ತಿತು. ದೇವರು ಮುನಿದಿದ್ದಾನೆಂದು ಊರು ಇನ್ನಷ್ಟು ಹಾಲು ಸುರಿಯಿತು, ನೀರು ಇನ್ನಷ್ಟು ಕೆಟ್ಟಿತು. ಗುರುಬಸವ್ವನ ಮಗ ಹೋದದ್ದು ಹಾಗೆ. ಆ ನೀರನ್ನು ಅವಳೇ ಕೈಯಾರೆ ಗುಟುಕು ಗುಟುಕಾಗಿ ಕುಡಿಸಿದ್ದಳು.

ಮಗನನ್ನು ಮಣ್ಣುಮಾಡಿ ಬರುವಷ್ಟರಲ್ಲಿ ಮಗಳು ಸಂಗಿಯೂ ಅದೇ ಬೇನೆ ಹತ್ತಿ ಮಲಗಿದ್ದಳು. ಪೂಜಾರಿ ಭರಮಪ್ಪ ತಾನೇ ತೀರ್ಥದ ತಂಬಿಗೆ ಹಿಡಿದು ಬಂದ. ಮೋಸಗಾರನೇನಲ್ಲ ಅವನು, ಅವನ ಮೊಮ್ಮಗನೂ ಅದೇ ನೀರಿಗೆ ಬಲಿಯಾಗಿದ್ದ.

"ನಮ್ಮ ಭಕ್ತಿ ಸಾಲಲಿಲ್ಲವ್ವಾ. ಇನ್ನೊಂದು ಕೊಡ ಹಾಲು ಹಾಕೂಣು," ಎಂದ.

ಗುರುಬಸವ್ವ ತಂಬಿಗೆ ಕಿತ್ತುಕೊಂಡು ಅವನ ಮೂಗಿಗೇ ಹಿಡಿದಳು.

"ಮೂಸಿ ನೋಡ್ರಿ ಅಜ್ಜಾರ. ನಿಮ್ಮ ಎಮ್ಮಿ ಕುಡಿತೈತೇನು ಇದನ್ನ?"

ಅವನು ಮುಖ ತಿರುಗಿಸಿ ಕೈಮುಗಿದ. ದೇವರ ನೀರನ್ನು ಮೂಸಬಾರದೆಂಬುದು ಆ ಊರಿನ ಕಟ್ಟಳೆ. ಇಷ್ಟು ಮಕ್ಕಳು ಸತ್ತರೂ ಒಬ್ಬರೂ ಮೂಸಿರಲಿಲ್ಲ.

ತಂಬಿಗೆಯನ್ನು ಅಂಗಳಕ್ಕೆ ಎಸೆದು ಅವಳು ಗುಡ್ಡದ ಒರತೆಯ ನೀರು ತಂದಳು, ಗಂಜಿ ಕಾಯಿಸಿ ಮಗಳಿಗೆ ಕುಡಿಸಿದಳು. ಆಮೇಲೆ ಕುಡುಗೋಲು ಹಿಡಿದು ಹೊರಟು, ಕೈ ರಕ್ತವಾಗುವವರೆಗೂ ಜಾಲಿ ಕಡಿದು ಬಾವಿಯ ಬಾಯಿಗೆ ಒಟ್ಟಿದಳು. ಊರು ಬೈಯುತ್ತ ಬಂತು. ಮುಳ್ಳು ಮುಟ್ಟಿದವರ ಕೈ ಕಡಿಯುತ್ತೇನೆಂದು ಕಟ್ಟೆಯ ಮೇಲೆ ನಿಂತಳು. ಬೇರೆ ದಾರಿಯಿಲ್ಲದೆ ಜನ ಒರತೆಗೆ ಹೋದರು. ಬೇನೆ ನಿಂತಿತು. ಸಂಗಿ ಎದ್ದು ಕೂತಳು.

ಊರಿಗೆ ಆಗಲಾದರೂ ಬುದ್ಧಿ ಬಂತೇ? ಮುಳ್ಳಿನಲ್ಲಿ ಮಹಿಮೆಯಿದೆ ಎಂದಿತು. ಅವಳ ಕಾಲಿಗೆ ಬೀಳಲು ಬಂತು. ಬಂದವರಿಗೆಲ್ಲ ಅವಳು ಸಾಯುವವರೆಗೂ ಕಲ್ಲು ಬೀರಿದಳು ಎನ್ನುತ್ತಾರೆ. ಕಲ್ಲು ತಾಗಿದವರು ಪುಣ್ಯವಂತರೆಂದು ಹಿಗ್ಗಿದರಂತೆ.

ಈಗಲೂ ಹೋದರೆ ನೋಡಬಹುದು. ಬಂದವರು ಒಂದೊಂದು ಮುಳ್ಳುಕೊಂಬೆ ಹರಕೆ ಒಪ್ಪಿಸಿ ಅದರ ಮೇಲೆ ಹಾಲೆರೆಯುತ್ತಾರೆ. ಹಾಲು ಸಂದಿಯಲ್ಲಿ ಇಳಿದು ಬಾವಿ ಸೇರುತ್ತದೆ. ಪಕ್ಕದಲ್ಲಿ ಮುಳ್ಳು ಸರಿಸಿ ಒಂದು ಕಿಂಡಿ ಮಾಡಿದ್ದಾರೆ. ಅಲ್ಲಿಂದ ನೀರು ಸೇದಿ, ಮುಳ್ಳವ್ವನ ಹೆಸರು ಹೇಳಿ, ತಾಯಂದಿರು ಮಕ್ಕಳ ಬಾಯಿಗೆ ಹನಿಸುತ್ತಾರೆ.