ಒಂದು ಚಮಚ ಹೆಪ್ಪು

ಒಂದೂರಲ್ಲಿ ಒಬ್ಬ ಹೆಂಗಸಿದ್ದಳು. ಅವಳಿಗಿದ್ದದ್ದು ಒಂದೇ ಹಸು. ಆದರೂ ಸಂತೆಗೆ ನಡೆದು ಹೋಗುವವರಿಗೆಲ್ಲ ಬಾಗಿಲಲ್ಲಿ ನಿಂತು ಮಜ್ಜಿಗೆ ಕೊಡುತ್ತಿದ್ದಳು. ಊರು ಅವಳನ್ನು ಹೊಗಳುವುದು ಊರಿನ ದೊಡ್ಡ ಮನೆಯ ಕೆಂಚೇಗೌಡರ ಕಿವಿಗೆ ಬಿತ್ತು. ಅವರಿಗೆ ಹೊಟ್ಟೆಕಿಚ್ಚು ತಡೆಯಲಾಗಲಿಲ್ಲ. ಅವಳನ್ನು ಕರೆಸಿದರು.

"ಹೋದ ವರ್ಷ ಹಾಲಿಗೆ ಹಾಕೋಕೆ ನಮ್ಮನೆಯಿಂದ ಹೆಪ್ಪು ತಗೊಂಡು ಹೋದೆಯಲ್ಲ, ನೀನು ಹಂಚೋ ಮಜ್ಜಿಗೆಯೆಲ್ಲ ಅದರದ್ದೇ. ಇನ್ಮೇಲೆ ದಿನಾ ಅರ್ಧ ಗಡಿಗೆ ಇಲ್ಲಿಗೆ ತಂದು ಸಾಲ ತೀರಿಸು."

"ಆಗಲಿ ಗೌಡ್ರೇ, ಸಾಲ ಅಂದ್ಮೇಲೆ ತೀರಿಸಲೇಬೇಕು," ಅಂದಳು ಅವಳು. "ನಿಮಗೆ ಹೆಪ್ಪು ಕೊಟ್ಟವರ ಮನೆಗೆ ನೀವೂ ದಿನಾ ಅರ್ಧ ಗಡಿಗೆ ಕಳಿಸ್ತಿರಬೇಕಲ್ಲ. ಅದು ಯಾರ ಮನೆ ಅಂತ ಹೇಳಿ, ನಾನು ನೇರ ಅಲ್ಲಿಗೇ ಕೊಟ್ಟುಬಿಡ್ತೀನಿ. ನಿಮಗೆ ಹೊರೋ ಕಷ್ಟ ತಪ್ಪುತ್ತೆ."

ಗೌಡರು ಒಳಮನೆಯತ್ತ ತಿರುಗಿದರು. "ಅವ್ವಾ, ನಮ್ಮನೆ ಹೆಪ್ಪು ಯಾರದ್ದು?" ಎಂದು ಒಳಗೆ ಕೂಗಿದರು.

ಮುದುಕಿ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. "ನೀನು ಹುಟ್ಟಿದ ವರ್ಷ ಬೆಕ್ಕು ಮೊಸರಿನ ಗಡಿಗೆ ಉರುಳಿಸಿತ್ತು ಕಣೋ. ಇವಳ ಅತ್ತೆ ಹತ್ರ ಹೋಗಿ ಹೆಪ್ಪು ತಂದೆ. ಪುಣ್ಯಾತ್ಗಿತ್ತಿ, ಸಾಯೋವರೆಗೂ ಅದರ ಮಾತೆತ್ತಲಿಲ್ಲ."

ಗೌಡರು ಎದ್ದು ಅವಳನ್ನು ಬಾಗಿಲವರೆಗೆ ಕಳಿಸಿಕೊಟ್ಟರು.

ಮುಂದಿನ ಸಂತೆಯ ದಿನ ಗೌಡರ ಜಗಲಿಯ ಮೇಲೂ ಒಂದು ಗಡಿಗೆ ಮಜ್ಜಿಗೆ ಬಂದು ಕೂತಿತ್ತು. ಮೊದಲ ಲೋಟವನ್ನು ಅವರೇ ಅವಳ ಕೈಗಿಟ್ಟರು. ಅವಳು ಒಂದು ಗುಟುಕು ಕುಡಿದಳು.

"ನಮ್ಮತ್ತೆ ಹೋಗಿ ಎಷ್ಟು ವರ್ಷ ಆಯ್ತು ಗೌಡ್ರೇ," ಅಂದಳು. "ನಿಮ್ಮನೇಲೂ ಅವರ ಕೈರುಚಿ ಹಾಗೇ ಉಳಿದಿದೆ."