ಸಿಂಗಾರಿ ಕಿತ್ತೆಸೆದ ಮಣ್ಣು

ಬಯಲಿನ ನಡುವೆ ಒಂದು ಹೊಂಡವಿತ್ತು. ಅದರ ದಡದಲ್ಲಿ ನೀರಿನ ಮೇಲಕ್ಕೆ ಬಾಗಿದ ಒಂದು ಈಚಲು ಮರ. ಆ ಮರದ ಗರಿಗರಿಗೂ ಗೀಜಗನ ಗೂಡುಗಳು ನೇತಾಡುತ್ತಿದ್ದವು. ಹುಲ್ಲಿನಿಂದ ಹೆಣೆದ, ಬಾಗಿಲು ಕೆಳಗಿರುವ ಆ ಗೂಡುಗಳನ್ನು ನೀವು ನೋಡಿರಬಹುದು, ಮಕ್ಕಳೇ. ನೋಡಿಲ್ಲದಿದ್ದರೆ ಉದ್ದ ಕತ್ತಿನ ಸೋರೆಬುರುಡೆಯನ್ನು ತಲೆಕೆಳಗಾಗಿ ತೂಗುಹಾಕಿದ ಹಾಗೆ ಅಂದುಕೊಳ್ಳಿ.

ಗೀಜಗಗಳಲ್ಲಿ ಮನೆ ಕಟ್ಟುವುದು ಗಂಡಿನ ಕೆಲಸ. ನೋಡಿ, ಒಪ್ಪಿ, ಒಳಗೆ ಬರುವುದು ಹೆಣ್ಣು. ಸಿಂಗಾರಿ ಎಂಬ ಹೆಣ್ಣು, ಮಾದ ಎಂಬ ಗಂಡು ಗೀಜಗ ಕಟ್ಟಿದ ಗೂಡಿಗೆ ಬಂದ ದಿನ ಮೂಲೆಮೂಲೆಯನ್ನೂ ಇಣುಕಿ ನೋಡಿದಳು. ಎಲ್ಲವೂ ಅವಳಿಗೆ ಹಿಡಿಸಿತು, ಒಂದನ್ನು ಬಿಟ್ಟು. ಮಾದ ಒಳಗೋಡೆಗೆ ಅಲ್ಲಲ್ಲಿ ಮಣ್ಣಿನ ಉಂಡೆಗಳನ್ನು ಮೆತ್ತಿದ್ದ.

"ಇದೇನ್ರೀ, ಹೊಸ ಮನೆ ಗೋಡೆಗೆ ಕೆಸರು?"

"ನಮ್ಮಪ್ಪನೂ ಹೀಗೇ ಮೆತ್ತುತ್ತಿದ್ದ. ಇರಲಿ ಬಿಡು," ಎಂದ ಮಾದ. ಅಷ್ಟು ಹೇಳಿ ಇನ್ನೊಂದು ಎಳೆ ಹುಲ್ಲು ತರಲು ಹಾರಿಯೇ ಬಿಟ್ಟ.

ಸಿಂಗಾರಿ ಕೆಟ್ಟವಳಲ್ಲ. ಆದರೆ ಒಂದು ಗಳಿಗೆ ಸುಮ್ಮನೆ ಕೂರುವುದೆಂದರೆ ಅವಳಿಗೆ ಆಗದು. ಹಾರುವುದು, ಹೆಕ್ಕುವುದು, ಅಕ್ಕಪಕ್ಕದವರನ್ನು ಮಾತಾಡಿಸುವುದು, ಏನಾದರೊಂದು ನಡೆಯುತ್ತಲೇ ಇರಬೇಕು. ಮೂರು ಮೊಟ್ಟೆ ಇಟ್ಟ ಮೇಲೂ ಅದೇ ಚಾಳಿ. ಕಾವಿಗೆ ಕೂತವಳು ಹತ್ತು ಸಲ ಎದ್ದು ಹೊರಗೆ ಇಣುಕುತ್ತಿದ್ದಳು.

ಹೀಗಿರುವಾಗ ಒಂದು ಬೆಳಿಗ್ಗೆ ಜೋರು ಬಿರುಗಾಳಿ ಎದ್ದಿತು. ಅದರ ಹಿಂದೆಯೇ ಮಳೆ. ಮಾದ ಹತ್ತಿರದ ಜಾಲಿ ಪೊದೆಯೊಳಗೆ ಮುದುಡಿ ಕುಳಿತ. ಸಿಂಗಾರಿಗೆ ಹೊರಗೆ ಕಾಲಿಡುವ ಮಾತೇ ಇರಲಿಲ್ಲ. ಗೂಡು ನಿಧಾನವಾಗಿ, ಭಾರವಾಗಿ ತೂಗುತ್ತಿತ್ತು. ಒಳಗೆ ಬೆಚ್ಚಗಿತ್ತು. ಒಂದು ಹನಿಯೂ ಒಳಕ್ಕೆ ಬರುತ್ತಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಕಣ್ಣು ಮುಚ್ಚಿ ಮಳೆಯ ಸದ್ದು ಕೇಳುತ್ತಾ ಹಾಯಾಗಿರುತ್ತಿದ್ದರು. ಸಿಂಗಾರಿಗೋ, ಮೈಯೆಲ್ಲ ಇರುವೆ ಹರಿದ ಹಾಗಾಯಿತು.

ಪಕ್ಕದ ಗೂಡಿನಲ್ಲಿ ದುಗ್ಗವ್ವ ಇದ್ದಳು. ನಾಲ್ಕಾರು ಮಳೆಗಾಲ ಕಂಡ ಹಿರಿಯಳು.

"ದೊಡ್ಡಮ್ಮಾ, ಏನ್ ಮಾಡ್ತಾ ಇದ್ದೀರಿ?" ಎಂದು ಸಿಂಗಾರಿ ಕೂಗಿದಳು.

"ಕೂತಿದ್ದೀನಿ ಕಣೇ."

"ಅದು ಸರಿ. ಕೂತು ಏನ್ ಮಾಡ್ತಾ ಇದ್ದೀರಿ?"

"ಅದೇ. ಕೂತಿದ್ದೀನಿ."

ಹಕ್ಕಿಗಳಿಗೆ ಮೂಗು ಮುರಿಯಲು ಬರುವುದಿಲ್ಲ. ಬಂದಿದ್ದರೆ ಸಿಂಗಾರಿ ಆಗ ಮುರಿಯುತ್ತಿದ್ದಳು. 'ಕೂರುವುದೂ ಒಂದು ಕೆಲಸವಂತೆ!' ಎಂದು ನಗುತ್ತಾ ಸುತ್ತಲೂ ನೋಡಿದಳು. ಗೋಡೆಯ ಮಣ್ಣು ಕಣ್ಣಿಗೆ ಬಿತ್ತು.

'ಹೇಗೂ ಬಿಡುವಿದೆ. ಇವತ್ತು ಮನೆ ಚೊಕ್ಕ ಮಾಡಿಬಿಡೋಣ.'

ಮೊಟ್ಟೆಗಳನ್ನು ಬಿಟ್ಟು ಎದ್ದಳು. ಒಂದು ಉಂಡೆಯನ್ನು ಕುಕ್ಕಿ ಕಿತ್ತು ಬಾಗಿಲಿನಿಂದ ಕೆಳಕ್ಕೆ ನೂಕಿದಳು. ಹೊಂಡದಲ್ಲಿ ಬುಳಕ್ ಎಂದಿತು. ಆ ಸದ್ದು ಅವಳಿಗೆ ಬಹಳ ಇಷ್ಟವಾಯಿತು. ಇನ್ನೊಂದು ಕಿತ್ತಳು. ಮತ್ತೊಂದು.

"ಏನೇ ಅದು ಬೀಳ್ತಾ ಇರೋದು?" ದುಗ್ಗವ್ವ ಕೇಳಿದಳು.

"ಕಸ ದೊಡ್ಡಮ್ಮಾ, ಮನೆ ಕಸ!"

ಉಂಡೆ ಬಿದ್ದಂತೆಲ್ಲ ಗೂಡಿನ ತೂಗಾಟ ಹೆಚ್ಚುತ್ತಿತ್ತು. ಕೆಲಸದ ಭರದಲ್ಲಿ ಸಿಂಗಾರಿ ಅದನ್ನು ಗಮನಿಸಲೇ ಇಲ್ಲ. ಕೊನೆಯ ಉಂಡೆಯನ್ನೂ ನೂಕಿ, ಗೋಡೆ ನೋಡಿ ಹಿಗ್ಗುತ್ತಿರುವಾಗಲೇ ಗಾಳಿ ಮತ್ತೊಮ್ಮೆ ಬೀಸಿತು. ಹಗುರಾದ ಗೂಡು ಅಡ್ಡಡ್ಡ ಹಾರಿ, ಗಿರ್ರನೆ ತಿರುಗಿ, ಮರಕ್ಕೆ ಬಡಿಯಿತು. ಮೊಟ್ಟೆಗಳು ಉರುಳಿದವು. ಒಂದು ಮೊಟ್ಟೆ ಹುಲ್ಲಿನ ಹೊಸ್ತಿಲು ದಾಟಿತು. ಸಿಂಗಾರಿ ಕೊಕ್ಕು ಚಾಚುವಷ್ಟರಲ್ಲಿ ಅದು ಬಾಗಿಲಿನಿಂದ ಜಾರಿಹೋಯಿತು.

ಕೆಳಗೆ ಬುಳಕ್ ಎಂದಿತು.

"ದೊಡ್ಡಮ್ಮಾ! ನನ್ನ ಮೊಟ್ಟೆ!"

"ಗೋಡೆ ಮಣ್ಣು ಕಿತ್ತೆಯೇನೇ?"

"ಹೂಂ... ಎಲ್ಲಾ ಕಿತ್ತುಬಿಟ್ಟೆ."

"ಅಯ್ಯೋ ಹುಚ್ಚಿ! ಗಾಳಿಗೆ ಗೂಡು ಹಾರದಿರಲಿ ಅಂತ ಭಾರಕ್ಕೆ ಮೆತ್ತಿರೋದು ಅದು. ಈಗ ನೀನೇ ಭಾರ ಆಗಬೇಕು. ಉಳಿದ ಮೊಟ್ಟೆಗಳ ಮೇಲೆ ಮೈ ಒತ್ತಿ ಕೂತ್ಕೋ. ಹುಲ್ಲನ್ನ ಗಟ್ಟಿಯಾಗಿ ಹಿಡ್ಕೋ. ಗಾಳಿ ನಿಲ್ಲೋವರೆಗೂ ಅಲ್ಲಾಡಬೇಡ!"

ಸಿಂಗಾರಿ ಉಳಿದೆರಡು ಮೊಟ್ಟೆಗಳನ್ನು ಎದೆಯಡಿಗೆ ಎಳೆದುಕೊಂಡು ಕುಳಿತಳು. ಹುಲ್ಲು ಕಚ್ಚಿ ಹಿಡಿದ ಉಗುರುಗಳು ನೋಯುತ್ತಿದ್ದವು. ರೆಕ್ಕೆ ಜೋಮು ಹಿಡಿಯಿತು. ಹೊಟ್ಟೆ ಹಸಿಯಿತು. ಎದ್ದು ಒಮ್ಮೆ ಇಣುಕಬೇಕೆಂಬ ಆಸೆ ಬಂದಾಗಲೆಲ್ಲ ಎದೆಯಡಿಯಲ್ಲಿ ಮೂರನೆಯದರ ಜಾಗ ತಣ್ಣಗೆ ತಾಗುತ್ತಿತ್ತು. ಅವಳು ಅತ್ತಳು. ಅತ್ತರೂ ಅಲ್ಲಾಡಲಿಲ್ಲ.

ಮಧ್ಯಾಹ್ನ ಕಳೆಯಿತು. ಗಾಳಿ ಇನ್ನೂ ಬೀಸುತ್ತಲೇ ಇತ್ತು. ಆಗ ಒಂದು ಮೊಟ್ಟೆಯೊಳಗೆ ಏನೋ ಮೆಲ್ಲಗೆ ಮಿಸುಕಿತು. ಸ್ವಲ್ಪ ಹೊತ್ತಿಗೆ ಇನ್ನೊಂದರಲ್ಲೂ ಮಿಸುಕಿತು. ಇಷ್ಟು ದಿನವೂ ಅವು ಹೀಗೆ ಮಿಸುಕುತ್ತಿದ್ದವೋ ಏನೋ. ಅದು ತಿಳಿಯುವಷ್ಟು ಹೊತ್ತು ಅವಳು ಎಂದೂ ಕೂತಿರಲಿಲ್ಲ.

ಸಂಜೆಗೆ ಗಾಳಿ ಇಳಿಯಿತು. ತೊಯ್ದು ತೊಪ್ಪೆಯಾದ ಮಾದ ಬಂದು ಬರಿಗೋಡೆ ನೋಡಿದ, ಎರಡೇ ಮೊಟ್ಟೆ ನೋಡಿದ.

"ಮಣ್ಣು ಯಾಕೆ ಅಂತ ಅವತ್ತೇ ನಾನು ಬಿಡಿಸಿ ಹೇಳಬೇಕಿತ್ತು," ಎಂದ.

"ಕೀಳೋ ಮುಂಚೆ ನಾನಾದರೂ ಕೇಳಬೇಕಿತ್ತು," ಎಂದಳು ಸಿಂಗಾರಿ.

ಮಾರನೆಯ ದಿನ ಮಾದ ಹೊಂಡದ ದಡದಿಂದ ಹಸಿಮಣ್ಣು ತಂದ. ಈ ಸಲ ಅದನ್ನು ಗೋಡೆಗೆ ಮೆತ್ತಿದ್ದು ಸಿಂಗಾರಿ. ಕೆಲವೇ ದಿನಗಳಲ್ಲಿ ಎರಡು ಮರಿಗಳು ಹೊರಬಂದವು, ಬೆಳೆದವು, ಹಾರಿಹೋದವು.

ಮುಂದಿನ ಮಳೆಗಾಲದಲ್ಲಿ ಮತ್ತೆ ಅಂಥದೇ ಗಾಳಿಮಳೆ ಬಂತು. ಪಕ್ಕದ ಗೂಡಿಗೆ ಹೊಸದಾಗಿ ಬಂದಿದ್ದ ಹುಡುಗಿಯೊಬ್ಬಳು ಬೇಸರ ತಾಳಲಾರದೆ ಕೂಗಿದಳು.

"ಸಿಂಗಾರಕ್ಕಾ, ಏನ್ ಮಾಡ್ತಾ ಇದ್ದೀರಿ?"

ಸಿಂಗಾರಿ ಎದೆಯಡಿಯ ಮೊಟ್ಟೆಗಳನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು.

"ಕೂತಿದ್ದೀನಿ ಕಣೇ. ನೀನೂ ಕೂತ್ಕೋ. ಗೋಡೆ ಮಣ್ಣು ಮಾತ್ರ ಮುಟ್ಟಬೇಡ. ಯಾಕೆ ಅಂತ ಹೇಳ್ತೀನಿ, ಕೇಳು."

ನೀತಿ: ಸುಮ್ಮನೆ ಕೂರಬೇಕಾದ ಹೊತ್ತಿನಲ್ಲಿ ಕೂರುವುದೂ ಒಂದು ಕೆಲಸ, ಬೇಸರ ಕಳೆಯಲೆಂದು ಮನೆಯ ಆಧಾರವನ್ನೇ ಕೀಳಬಾರದು.