ಕರಡಿಯಮ್ಮನ ಕಾಲು ತೊಳೆದ ಗುರುವಾರ

ಒಂದು ಕಾಡಿನಲ್ಲಿ ಒಂದು ವಿಶ್ವವಿದ್ಯಾಲಯವಿತ್ತು. ನಗಬೇಡಿ ಮಕ್ಕಳೇ, ಇತ್ತು! ಅದಕ್ಕೊಂದು ಪ್ರಾರ್ಥನಾಲಯ, ಪ್ರಾರ್ಥನಾಲಯಕ್ಕೊಂದು ಗಂಟೆ, ಗಂಟೆ ಹೊಡೆಯಲು ಒಂದು ಕೋತಿ, ಎಲ್ಲ ಇದ್ದವು. ಬಹಳ ಹಿಂದೆ ದೂರದ ಸರೋವರದಿಂದ ಹಾರಿಬಂದ ಬೆಳ್ಳಕ್ಕಿಗಳು ಅದನ್ನು ಕಟ್ಟಿಸಿದ್ದವು. ಬಾಗಿಲ ಮೇಲೆ 'ದೇವರ ಮುಂದೆ ಎಲ್ಲ ಬಣ್ಣವೂ ಒಂದೇ' ಎಂದು ದಪ್ಪ ಅಕ್ಷರದಲ್ಲಿ ಕೆತ್ತಿಸಿದ್ದವು. ಆ ಅಕ್ಷರಗಳಿಗೆ ವರ್ಷಕ್ಕೊಮ್ಮೆ ಸುಣ್ಣ ಬಳಿಯುವುದನ್ನು ಮಾತ್ರ ಯಾರೂ ಮರೆಯುತ್ತಿರಲಿಲ್ಲ.

ಅಲ್ಲಿ ಜೀವರತ್ನಮ್ಮ ಎಂಬ ಕರಡಿ ಗೆಡ್ಡೆಗೆಣಸಿನ ಪಾಠ ಹೇಳುತ್ತಿದ್ದಳು. ಯಾವ ಬೇರು ತಿಂದರೆ ಜ್ವರ ಇಳಿಯುತ್ತದೆ, ಯಾವುದು ತಿಂದರೆ ಆಸಾಮಿಯೇ ಹೊರಟುಹೋಗುತ್ತಾನೆ, ಎಲ್ಲ ಅವಳಿಗೆ ಗೊತ್ತು. ಪಾಪ, ಹನ್ನೆರಡು ವರ್ಷದಿಂದ ಹಂಗಾಮಿ ನೌಕರಿ. ಕಾಯಂ ಆದವರು ಯಾರು ಅಂತ ಕೇಳಿ. ಬೆಳ್ಳಕ್ಕಿ, ಬಿಳಿ ಮೊಲ, ಬಿಳಿ ಕುರಿ, ಬಿಳಿ ಬಾತು. ಅವಳ ಹತ್ತಿರವೇ ಕಲಿತ ಒಂದು ಮೊಲ ಕಾಯಂ ಆಗಿ, ಮೇಲಧಿಕಾರಿಯಾಗಿ, ಈಗ ಬೆಳಗ್ಗೆ ಅವಳದೇ ಹಾಜರಿ ಕೂಗುತ್ತಿತ್ತು. ಇಷ್ಟು ಸಾಲದು ಅಂತ ಆ ವರ್ಷ ಒಂದು ಸುತ್ತೋಲೆ ಬಂತು. ಈಸ್ಟರ್ ಹಬ್ಬದೊಳಗೆ ಕಾಯಂ ಆಗದ ಹಂಗಾಮಿಗಳೆಲ್ಲ ಮನೆಗೆ ಹೋಗಬಹುದು.

ಜೀವರತ್ನಮ್ಮ ಕುಲಪತಿಗಳ ಹತ್ತಿರ ಹೋದಳು. ಕುಲಪತಿ ಸಮಾಧಾನಪ್ಪನವರು ವಯಸ್ಸಾದ ಬೆಳ್ಳಕ್ಕಿ. ಬಲು ಮೆದು ಜೀವ.

"ಅಯ್ಯೋ ತಾಯಿ, ನಿನ್ನ ನೋವು ನನ್ನ ನೋವು," ಎಂದು ಅವರು ಕಣ್ಣೊರೆಸಿಕೊಂಡರು. "ಇದಕ್ಕೆ ಏನಾದರೂ ಮಾಡಲೇಬೇಕು. ಒಂದು ಸಮಿತಿ ಮಾಡೋಣ."

ಸಮಿತಿ ಆಯಿತು. 'ಸರ್ವವರ್ಣ ಸಮಾನತಾ ಸಮಿತಿ'. ಹನ್ನೊಂದು ಸದಸ್ಯರು. ನಾಲ್ಕು ಕುರಿ, ಮೂರು ಮೊಲ, ಎರಡು ಬಾತು, ಎರಡು ಬೆಳ್ಳಕ್ಕಿ. ಒಬ್ಬರಾದರೂ ಕಪ್ಪಗಿರಬೇಡವೇ ಎಂದು ಯಾರೋ ಗೊಣಗಿದರು. ಆಗ ಸುಜ್ಞಾನಪ್ಪ ಎಂಬ ನರಿ ಎದ್ದು ನಿಂತು ಹಿಂದಕ್ಕೆ ತಿರುಗಿದ.

"ನಾನು ಪೂರ್ತಿ ಕಪ್ಪಲ್ಲ, ಒಪ್ಪಿಕೊಳ್ಳುತ್ತೇನೆ. ಆದರೆ ನನ್ನ ಬಾಲದ ತುದಿ ನೋಡಿ. ಕಪ್ಪು! ಈ ತುದಿ ಪಟ್ಟ ಪಾಡು ದೇವರಿಗೇ ಗೊತ್ತು," ಎಂದು ಬಿಕ್ಕಿದ. ಅಲ್ಲೇ ಅವನನ್ನು ಅಧ್ಯಕ್ಷನನ್ನಾಗಿ ಮಾಡಿದರು.

ಸಮಿತಿ ಸುಮ್ಮನೆ ಕೂರಲಿಲ್ಲ, ಅದನ್ನು ಹೇಳಲೇಬೇಕು. ಮರಮರಕ್ಕೂ ಪೋಸ್ಟರ್ ಬಿತ್ತು. ಪೋಸ್ಟರಿನಲ್ಲಿ ಹಲ್ಲು ಬಿಟ್ಟು ನಗುವ ಜೀವರತ್ನಮ್ಮ. 'ಬಣ್ಣ ಮರೆಯೋಣ ಬನ್ನಿ' ಎಂದು ಒಂದು ಶಿಬಿರವೂ ನಡೆಯಿತು. ಜೀವರತ್ನಮ್ಮ ತನ್ನ ನೋವಿನ ಬಗ್ಗೆ ಮಾತಾಡಬೇಕು, ಮೂರೇ ನಿಮಿಷ. ನಾಲ್ಕನೇ ನಿಮಿಷಕ್ಕೆ ಬಾತು ಗಂಟೆ ಹೊಡೆಯಿತು. ಆಮೇಲೆ ಸುಜ್ಞಾನಪ್ಪ ಎದ್ದು ಅವಳ ನೋವಿನ ಬಗ್ಗೆ ಒಂದೂವರೆ ಗಂಟೆ ಮಾತಾಡಿದ. ಚಪ್ಪಾಳೆಯೋ ಚಪ್ಪಾಳೆ! ಎಲ್ಲರೂ ಕಾಫಿಗೆ ಹೋದ ಮೇಲೆ ಕುರ್ಚಿಗಳನ್ನು ಎತ್ತಿಟ್ಟವಳು ಜೀವರತ್ನಮ್ಮ.

"ನನ್ನ ಅರ್ಜಿ ಏನಾಯಿತು ಸ್ವಾಮಿ?" ಎಂದು ಅವಳು ಕೇಳಿದರೆ, "ಸಮಿತಿ ಮುಂದಿದೆ," ಎನ್ನುತ್ತಿದ್ದ ನರಿ. ಅರ್ಜಿ ಸಮಿತಿಯ ಮುಂದೆಯೇ ಇತ್ತು. ಸಮಿತಿ ಅದರ ಮೇಲೆ ಕಾಫಿ ಲೋಟ ಇಡುತ್ತಿತ್ತು.

ಈಸ್ಟರ್ ಹತ್ತಿರ ಬಂತು. ಹಬ್ಬಕ್ಕೆ ಮುಂಚಿನ ಗುರುವಾರ ಅಲ್ಲಿ ಪಾದ ತೊಳೆಯುವ ಪದ್ಧತಿ. ದೊಡ್ಡವರು ಮಂಡಿಯೂರಿ ಹನ್ನೆರಡು ಮಂದಿ ಚಿಕ್ಕವರ ಕಾಲು ತೊಳೆಯಬೇಕು. ತೊಳೆಯುವುದು ಅಂದರೆ ಹೆಸರಿಗಷ್ಟೇ. ಕುಲಪತಿಗಳು ಬೆಳ್ಳಿ ಚೊಂಬಿನಿಂದ ಮೂರು ಹನಿ ಬಿಟ್ಟು, ಟವೆಲ್ ಮುಟ್ಟಿಸಿದರೆ ಮುಗಿಯಿತು. ಈ ಸಲ ಅದನ್ನು ನೋಡಲು ಖುದ್ದು ಬಿಷಪ್ ಆನೆಯವರೇ ಬರುತ್ತಾರೆ ಎಂದು ಕಾಗದ ಬಂತು. ಬಂದವರು ಉಪಕುಲಪತಿಯನ್ನೂ ಆರಿಸಿ ಹೋಗುತ್ತಾರಂತೆ. ಸುಜ್ಞಾನಪ್ಪನ ಬಾಯಲ್ಲಿ ನೀರೂರಿತು.

"ಈ ವರ್ಷ ಹನ್ನೆರಡೂ ಮಂದಿ ಕಪ್ಪು ಪ್ರಾಣಿಗಳೇ ಇರಲಿ," ಎಂದ ಅವನು. "ಬಿಷಪ್ಪರು ಮೂರ್ಛೆ ಹೋಗಬೇಕು."

ಜೀವರತ್ನಮ್ಮ ಎಣಿಸಿದಳು. "ನಾನೊಬ್ಬಳು. ಕಸ ಗುಡಿಸುವ ಕಾಗೆಗಳು ಆರು. ನೀರು ಹೊರುವ ಎಮ್ಮೆಗಳು ಐದು. ಸರಿಯಾಗಿ ಹನ್ನೆರಡು!"

"ಅವರನ್ನು ಕೂರಿಸಿದರೆ ಅವತ್ತು ಕಸ ಗುಡಿಸೋರು ಯಾರಮ್ಮ? ನೀರು ತುಂಬೋರು ಯಾರು?" ಎಂದು ನರಿ ಹಣೆ ಚಚ್ಚಿಕೊಂಡ. "ನಿನಗೆ ಆಡಳಿತ ಗೊತ್ತಾಗಲ್ಲ. ನೀನು ಮೊದಲನೇ ಕುರ್ಚಿಯಲ್ಲಿ ಕೂರು. ಉಳಿದ ಹನ್ನೊಂದಕ್ಕೆ ನಮ್ಮ ಸಮಿತಿಯೇ ಇದೆಯಲ್ಲ."

"ಅವರೆಲ್ಲ ಬಿಳಿ ಅಲ್ಲವೇ?"

"ಅಡುಗೆಮನೆಯ ಹಂಡೆ ತುಂಬಾ ಮಸಿ ಇದೆ," ಎಂದ ಸುಜ್ಞಾನಪ್ಪ. "ನೀರಲ್ಲಿ ಕಲಸಿ ಬಳಿದರಾಯಿತು. ಮೂರು ಹನಿಗೆ ಅದು ಅಲ್ಲಾಡಲ್ಲ."

ಜೀವರತ್ನಮ್ಮನಿಗೆ ಮೈಯೆಲ್ಲ ಉರಿದುಹೋಯಿತು. "ಥೂ! ಇದೇನು ನಾಟಕ?" ಎಂದಳು.

ನರಿ ಗೌನಿನ ಜೇಬಿನಿಂದ ಒಂದು ಕಾಗದ ತೆಗೆದು ತೋರಿಸಿದ. ಅವಳ ಕಾಯಂ ಆದೇಶ! ಅವಳ ಹೆಸರು ಬರೆದಿತ್ತು, ಕುಲಪತಿಗಳ ಸಹಿ ಒಂದು ಬಾಕಿ. "ಬಾಯಿ ಮುಚ್ಚಿಕೊಂಡು ಕೂತರೆ ಶುಕ್ರವಾರ ಸಹಿ. ಬಾಯಿ ಬಿಟ್ಟರೆ ಮನೆ," ಎಂದು ಮತ್ತೆ ಜೇಬಿಗೆ ಹಾಕಿಕೊಂಡ. ಹನ್ನೆರಡು ವರ್ಷ ಕಾದ ಕಾಗದ ಅದು. ಅವಳು ಬಾಯಿ ಮುಚ್ಚಿಕೊಂಡಳು.

ಗುರುವಾರ ಬೆಳಗ್ಗೆ ಪ್ರಾರ್ಥನಾಲಯ ಕಿಕ್ಕಿರಿದಿತ್ತು. ಬಿಷಪ್ ಆನೆಯವರು ಮುಂದೆ ಕೂತಿದ್ದರು, ಅವರ ಕುರ್ಚಿ ಕಿರ್ರೆನ್ನುತ್ತಿತ್ತು. ಸಮಿತಿಯ ಹನ್ನೊಂದು ಮಂದಿ ಸಾಲಾಗಿ ಕೂತರು. ಮಸಿ ಬಳಿದುಕೊಂಡ ಕುರಿಗಳು ತುರಿಕೆ ತಾಳಲಾರದೆ ನುಲಿಯುತ್ತಿದ್ದವು. ಒಂದು ಬಾತಂತೂ ಭಾವಾವೇಶದಲ್ಲಿ, "ಈಗ ನನಗೆ ಎಲ್ಲ ಅರ್ಥವಾಯಿತು," ಎಂದು ಪಕ್ಕದ ಮೊಲದ ಹತ್ತಿರ ಪಿಸುಗುಟ್ಟಿತು. ಮಸಿ ಹಚ್ಚಿ ಇನ್ನೂ ಕಾಲು ಗಂಟೆ ಆಗಿರಲಿಲ್ಲ.

ಎಲ್ಲರಿಗಿಂತ ಕೊನೆಗೆ ಜೀವರತ್ನಮ್ಮ ಓಡೋಡಿ ಬಂದು ಮೊದಲನೇ ಕುರ್ಚಿಯಲ್ಲಿ ಕೂತಳು. ಬೆಳಗ್ಗೆ ಮಕ್ಕಳಿಗೆ ಗೆಣಸು ಅಗೆಯುವುದನ್ನು ಕಲಿಸಿ ನೇರ ಬಂದಿದ್ದಳು. ಕಾಲಿಗೆ ಮೊಣಕಾಲಿನ ತನಕ ಕೆಂಪು ಕೆಸರು. ಸುಜ್ಞಾನಪ್ಪ ಅದನ್ನು ನೋಡಿ ಹಲ್ಲು ಕಡಿದ. ಆಮೇಲೆ ಜೇಬು ತಟ್ಟಿ ತೋರಿಸಿ, ತುಟಿಯ ಮೇಲೆ ಬೆರಳಿಟ್ಟ.

ಕುಲಪತಿಗಳು ಮಂಡಿಯೂರಿದರು. ಮೂರು ಹನಿ ಬಿಟ್ಟರು. ಹನಿಗಳು ಕೆಸರಿನಲ್ಲಿ ಇಂಗಿಹೋದವು. ಅವರು ಟವೆಲ್ ಮುಟ್ಟಿಸಿ ಮುಂದಿನ ಕುರ್ಚಿಗೆ ಹೊರಟರು.

ಜೀವರತ್ನಮ್ಮ ತಲೆಯೆತ್ತಿದಳು. ಕಿಟಕಿಯಾಚೆ ಎಮ್ಮೆಗಳು ನಿಂತು ಇಣುಕುತ್ತಿದ್ದವು. ಈ ಸಮಾರಂಭಕ್ಕೆಂದು ಪ್ರಾರ್ಥನಾಲಯದೊಳಗಿನ ದೊಡ್ಡ ತೊಟ್ಟಿ ತುಂಬುವಷ್ಟು ನೀರು ಹೊತ್ತು ಅವುಗಳ ಬೆನ್ನು ಬಾಗಿತ್ತು. ಆ ನೀರಲ್ಲಿ ಒಂದು ಚೊಂಬೂ ಖರ್ಚಾಗಿರಲಿಲ್ಲ. ಅವಳಿಗೆ ಸಿಟ್ಟು ಬಂತು, ಅಳುವೂ ಬಂತು. ಜೇಬಿನ ಕಾಗದ ನೆನಪಾಯಿತು. ಹಾಳಾಗಿ ಹೋಗಲಿ ಎನ್ನಿಸಿತು.

"ಸ್ವಾಮಿ," ಎಂದಳು ಗಟ್ಟಿಯಾಗಿ, "ನನ್ನ ಕಾಲು ಇನ್ನೂ ಕೊಳೆಯಾಗಿದೆ."

ಹಾಡುತ್ತಿದ್ದವರು ಹಾಡು ನಿಲ್ಲಿಸಿದರು. ಕುಲಪತಿಗಳು ಬೆಬ್ಬೆಬ್ಬೆ ಎಂದರು. "ತೊಳೆದೆನಲ್ಲಮ್ಮ?"

"ಇದಕ್ಕೆ ತೊಳೆಯೋದು ಅಂತಾರಾ ಸ್ವಾಮಿ? ತೊಳೆಯೋದಾದರೆ ಸರಿಯಾಗಿ ತೊಳೀರಿ. ಇಲ್ಲದಿದ್ದರೆ ಎದ್ದು ಹೋಗ್ತೀನಿ, ಕೆರೆ ಹತ್ತಿರವೇ ಇದೆ."

ಸುಜ್ಞಾನಪ್ಪನ ಮುಖದಲ್ಲಿ ರಕ್ತ ಇರಲಿಲ್ಲ. ಆದರೆ ಬಿಷಪ್ ಆನೆಯವರು ಹೊಟ್ಟೆ ಕುಲುಕಿಸಿ ನಕ್ಕರು. "ಸರಿಯಾದ ಮಾತು ಹೇಳಿದೆ ಕಣಮ್ಮ! ನಲವತ್ತು ವರ್ಷದಿಂದ ಊರೂರಲ್ಲಿ ಇಂಥ ಚೊಂಬು ನೋಡಿ ನನಗೂ ಸಾಕಾಗಿದೆ," ಎಂದು ಎದ್ದರು. ತೊಟ್ಟಿಗೆ ಸೊಂಡಿಲು ಹಾಕಿದರು. ಸೊರ್ರನೆ ಎಳೆದರು. ಅಷ್ಟು ದೊಡ್ಡ ಶರೀರ ಹೊತ್ತು ನಿಧಾನಕ್ಕೆ ಮಂಡಿಯೂರಿ, ಜೀವರತ್ನಮ್ಮನ ಕಾಲಿನ ಕೆಸರೆಲ್ಲ ಹೋಗುವ ತನಕ ತಿಕ್ಕಿ ತಿಕ್ಕಿ ತೊಳೆದರು. ಕಾಲು ಕಪ್ಪಗೆ ಮಿರಮಿರ ಮಿಂಚಿತು. ಅವಳಿಗೆ ಕಣ್ಣು ತುಂಬಿ ಬಂತು.

"ಮುಂದಿನವರು," ಎಂದರು ಬಿಷಪ್.

ಮುಂದೆ ಒಂದು ಕುರಿ. ಅದು ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡಿತು. ಆದರೆ ಆನೆಯ ಸೊಂಡಿಲು ಬಿಟ್ಟೀತೇ? ಭುಸ್ಸೆಂದು ನೀರು ಬಿತ್ತು. ಮಸಿ ಇಳಿಯಿತು. ಕಾಲು ಹಾಲಿನಷ್ಟು ಬೆಳ್ಳಗೆ! ಆಮೇಲೆ ಮೊಲ, ಬೆಳ್ಳಗೆ. ಆಮೇಲೆ ಬಾತು, ಅದೂ ಬೆಳ್ಳಗೆ. ನೆಲದ ತುಂಬ ಕಪ್ಪು ನೀರು ಹರಿದು ಕುಲಪತಿಗಳ ನಿಲುವಂಗಿ ತೋಯ್ದುಹೋಯಿತು. ಕಿಟಕಿಯಲ್ಲಿದ್ದ ಕಾಗೆಗಳು ಕಾ ಕಾ ಎಂದು ಬಿದ್ದು ಬಿದ್ದು ನಕ್ಕವು.

"ಏನಿದು ಸುಜ್ಞಾನಪ್ಪ?" ಎಂದು ಗುಡುಗಿದರು ಬಿಷಪ್.

ನರಿ ಅಷ್ಟಕ್ಕೆ ಸೋಲುವವನೇ? ಎರಡೂ ಕೈ ಎದೆಗಿಟ್ಟುಕೊಂಡ. "ಇದು ಸಹಾನುಭೂತಿಯ ಪ್ರಯೋಗ ಪ್ರಭು. ಕಪ್ಪಿನ ನೋವನ್ನು ನಾವೆಲ್ಲ ಮೈಮೇಲೆ ಧರಿಸಿ..." ಎಂದು ಶುರುಮಾಡಿದ. ಹಿಂದಿನ ಬೆಂಚಿನಲ್ಲಿ ಇಬ್ಬರು ಆಗಲೇ ಚಪ್ಪಾಳೆಗೆ ಕೈ ಎತ್ತಿದ್ದರು.

"ನೀನು ಸುಮ್ಮನಿರು," ಎಂದು ಬಿಷಪ್ ಕರಡಿಯಮ್ಮನ ಕಡೆ ತಿರುಗಿದರು. "ನೀನು ಹೇಳಮ್ಮ. ಇಲ್ಲಿ ಕಾಯಂ ಆದ ಕಪ್ಪು ಗುರುಗಳು ಎಷ್ಟು ಜನ?"

"ಒಬ್ಬರೂ ಇಲ್ಲ ಪ್ರಭು."

"ನಿನ್ನದು?"

"ಅರ್ಜಿ ಸಮಿತಿ ಮುಂದಿದೆ. ಆದೇಶ ಇವರ ಜೇಬಲ್ಲಿದೆ. ಬಾಯಿ ಮುಚ್ಚಿಕೊಂಡು ಕೂತಿದ್ದರೆ ನಾಳೆ ಸಹಿ ಅಂದಿದ್ದರು."

ಕುಲಪತಿಗಳು ಗಂಟಲು ಸರಿಮಾಡಿಕೊಂಡರು. "ಸಮಿತಿ ಸಭೆ ಸೇರದೆ ಸಹಿ ಹಾಕುವುದು ನಿಯಮವಲ್ಲ ಪ್ರಭು. ನೋಟಿಸು ಕೊಡಬೇಕು, ಕೋರಂ ಆಗಬೇಕು..."

"ಸಮಿತಿಯಲ್ಲಿ ಯಾರ‍್ಯಾರಿದ್ದಾರೆ?"

ಕುಲಪತಿಗಳು ಕೊಕ್ಕಿನಿಂದ ಸಾಲನ್ನು ತೋರಿಸಿದರು. ಒದ್ದೆ ಕಾಲಿನ ಹನ್ನೊಂದು ಮಂದಿ, ಮೇಲರ್ಧ ಕಪ್ಪು, ಕೆಳಗೆ ಬಿಳಿ, ತಲೆ ತಗ್ಗಿಸಿ ಕೂತಿದ್ದರು.

"ಎಲ್ಲರೂ ಇಲ್ಲೇ ಇದ್ದಾರಲ್ಲ!" ಎಂದರು ಬಿಷಪ್. "ಸಭೆ ಶುರುವಾಯಿತು. ಒಪ್ಪಿಗೆ ಇದ್ದವರು ಕೈ ಎತ್ತಿ." ಹನ್ನೊಂದೂ ಕೈಗಳು ಒಟ್ಟಿಗೆ ಮೇಲೇರಿದವು. ಆ ಸಮಿತಿ ಅಷ್ಟು ಬೇಗ ಒಂದು ತೀರ್ಮಾನ ತೆಗೆದುಕೊಂಡದ್ದು ಅದೇ ಮೊದಲು. ಕುಲಪತಿಗಳು ಅಲ್ಲೇ, ನರಿಯ ಜೇಬಿನಿಂದ ಕಾಗದ ತೆಗೆಸಿ, ಟವೆಲಿನ ಮೇಲೆ ಇಟ್ಟು ಸಹಿ ಹಾಕಿದರು.

ಸುಜ್ಞಾನಪ್ಪನ ಅಧ್ಯಕ್ಷಗಿರಿ ಹೋಯಿತು. ಉಪಕುಲಪತಿ ಪದವಿ ಕನಸಾಯಿತು. ಮೇಲೆ ಇನ್ನೊಂದು ಕೆಲಸ ಬಿತ್ತು. ಹನ್ನೊಂದೂ ಮಂದಿಯ ಮೈ ಮಸಿಯನ್ನು ಅವನೇ ತಿಕ್ಕಿ ತೊಳೆಯಬೇಕು. ಮಧ್ಯಾಹ್ನದ ತನಕ ತಿಕ್ಕಿದ. ಅವರೆಲ್ಲ ಬೆಳ್ಳಗಾದರು. ಇವನು ಮೂಗಿನಿಂದ ಬಾಲದವರೆಗೆ ಕರ‍್ರಗಾದ.

ಹಸಿವಿನಿಂದ ಊಟದ ಮನೆಗೆ ಓಡಿದರೆ, ಬಾಗಿಲು ಕಾಯುವ ಹುಂಜ ರೆಕ್ಕೆ ಅಡ್ಡ ಹಿಡಿಯಿತು. "ಎಲ್ಲಿಗೆ? ಕಪ್ಪಗಿರೋರಿಗೆ ಹಿಂದಿನ ಬಾಗಿಲು."

"ಲೇ! ಯಾರು ಮಾಡಿದ್ದು ಈ ನಿಯಮ?" ಎಂದು ನರಿ ಕಿರುಚಿದ.

"ಸುಜ್ಞಾನಪ್ಪನವರು. ಸಮಿತಿ ಅಧ್ಯಕ್ಷರು. ಊಟದ ಹೊತ್ತಿಗೆ ನೂಕುನುಗ್ಗಲು ಆಗಬಾರದು ಅಂತ," ಎಂದಿತು ಹುಂಜ ವಿನಯದಿಂದ. ಅದಕ್ಕೆ ಅವನ ಗುರುತೇ ಸಿಕ್ಕಿರಲಿಲ್ಲ.

ಅಷ್ಟರಲ್ಲಿ ಜೀವರತ್ನಮ್ಮ ಬಂದಳು. ಕೈಯಲ್ಲಿ ಕಾಯಂ ಆದೇಶ, ಹಿಂದೆ ಆರು ಕಾಗೆ, ಐದು ಎಮ್ಮೆ. ಆ ನಿಯಮ ಬಂದಾಗಿನಿಂದ ಅವಳೂ ಹಿಂದಿನ ಬಾಗಿಲಿನಿಂದಲೇ ಊಟಕ್ಕೆ ಹೋದವಳು. ಅವಳು ನರಿಯನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿದಳು. ಎರಡು ಮಾತು ಬಯ್ಯಬೇಕು ಅಂತ ನಾಲಗೆ ತುದಿಯವರೆಗೆ ಬಂತು, ನುಂಗಿಕೊಂಡಳು.

"ದಾರಿ ಬಿಡು ಹುಂಜಪ್ಪ," ಎಂದಳು. "ಇವತ್ತಿನಿಂದ ಎಲ್ಲರೂ ಮುಂದಿನ ಬಾಗಿಲಲ್ಲೇ. ಇವನೂ ನಮ್ಮ ಜೊತೆಯವನು, ಬರಲಿ."

ಹದಿಮೂರು ಮಂದಿ ಕಪ್ಪಗಿನವರು ಒಟ್ಟಿಗೆ ಒಳಗೆ ಹೋದರು. ಸುಜ್ಞಾನಪ್ಪ ಎಮ್ಮೆಯ ಪಕ್ಕ ಕೂತು, ತಲೆ ತಗ್ಗಿಸಿ, ಬಡಿಸಿದ್ದನ್ನು ಉಂಡ. ಅವತ್ತು ಅವನು ಭಾಷಣ ಮಾಡಲಿಲ್ಲ.

ನೀತಿ: ಸಮಾನತೆಯನ್ನು ಮೆರವಣಿಗೆ ಮಾಡಿಸುವವರ ಮಾತಿಗೆ ಮರುಳಾಗಬೇಡಿ, ನಿಮ್ಮ ಸ್ಥಾನವನ್ನು ನಿಮಗೆ ಕೊಟ್ಟರೋ ಇಲ್ಲವೋ, ಅದನ್ನು ಕೇಳಿ, ಎಲ್ಲರೆದುರಿಗೆ ಕೇಳಿ.